ಮೈನಸ್ 6 ಪವರ್, ಕಾರ್ನಿಯಾ ದಪ್ಪ 490 ಮೈಕ್ರಾನ್: ಲಾಸಿಕ್ ಮಾಡಿಸಬಹುದೇ?

ಲಾಸಿಕ್, ಪಿಆರ್‌ಕೆ ಎರಡೂ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಭಾಗವನ್ನು, ಲೇಸರ್‌ನಿಂದ ಸವೆಸಿ ಪವರ್ ಸರಿಪಡಿಸುವ ಶಸ್ತ್ರಚಿಕಿತ್ಸೆಗಳು. ಈ ಅಂಕಿಗಳಲ್ಲಿ ಲಾಸಿಕ್ ಅಂಚಿನ ಮೇಲೆ ನಿಲ್ಲುತ್ತದೆ. ಪಿಆರ್‌ಕೆ ಹೆಚ್ಚು ಸುರಕ್ಷಿತ.

ಲೆಕ್ಕ ಹೀಗಿದೆ. ಲಾಸಿಕ್‌ನಲ್ಲಿ ಮೊದಲು ಕಾರ್ನಿಯಾದ ಮೇಲಿನ ಸುಮಾರು 110 ಮೈಕ್ರಾನ್ ದಪ್ಪದ ಪದರವನ್ನು ಪುಸ್ತಕದ ಹಾಳೆ ಮಗುಚಿದಂತೆ ಒಂದು ಬದಿಗೆ ಮಡಚುತ್ತಾರೆ. ಅದರಡಿಯಲ್ಲಿ ಲೇಸರ್ ಒಂದು ಡಯಾಪ್ಟರ್‌ಗೆ (ಪವರ್‌ನ ಒಂದು ಅಂಕಕ್ಕೆ) ಹೆಚ್ಚುಕಡಿಮೆ 15 ಮೈಕ್ರಾನ್ ಸವೆಸುತ್ತದೆ, ನಿಮಗೆ 90. ಪದರವನ್ನು ಮತ್ತೆ ಮುಚ್ಚಿದರೂ ಅದು ಮೊದಲಿನ ಬಲ ಕೊಡುವುದಿಲ್ಲ, ಹಾಗಾಗಿ ಲೆಕ್ಕಕ್ಕೆ ಸಿಗುವುದು ಉಳಿದ 290 ಮಾತ್ರ. 250ಕ್ಕಿಂತ ಕೆಳಗೆ ಹೋಗಲೇಬಾರದು. 300 ಇದ್ದರೆ ನೆಮ್ಮದಿ. ತೀರಾ ತೆಳುವಾದರೆ ಕಣ್ಣಿನೊಳಗಿನ ಒತ್ತಡಕ್ಕೆ ಕಾರ್ನಿಯಾ ಮುಂದಕ್ಕೆ ಉಬ್ಬಿ, ಕನ್ನಡಕದಿಂದಲೂ ಸರಿಹೋಗದಷ್ಟು ದೃಷ್ಟಿ ಕೆಡಬಹುದು.

ಪಿಆರ್‌ಕೆಯಲ್ಲಿ ಮಡಚುವ ಪದರವೇ ಇಲ್ಲ. ಮೇಲಿನ 50 ಮೈಕ್ರಾನ್ ಪೊರೆಯನ್ನಷ್ಟೇ ತೆಗೆಯುತ್ತಾರೆ, ಅದು ಕೆಲವು ದಿನಗಳಲ್ಲಿ ತಾನೇ ಬೆಳೆಯುತ್ತದೆ. ಲೇಸರ್ ಅದೇ 90 ಸವೆಸಿದ ಮೇಲೂ ಕೆಳಗೆ 350 ಉಳಿಯುತ್ತದೆ. ಆದರೆ ಮೂರು-ನಾಲ್ಕು ದಿನ ಉರಿ, ನೀರು ಸುರಿಯುವುದು ಖಂಡಿತ. ದೃಷ್ಟಿ ತಿಳಿಯಾಗಲು ವಾರಗಳು ಬೇಕು.

ದಪ್ಪಕ್ಕಿಂತಲೂ ಮುಖ್ಯವಾದದ್ದು ಆಕಾರ. ಟೊಪೊಗ್ರಫಿಯಲ್ಲಿ, ಅಂದರೆ ಕಾರ್ನಿಯಾದ ಆಕಾರ ಅಳೆಯುವ ಪರೀಕ್ಷೆಯಲ್ಲಿ, ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗ) ಸುಳಿವು ಕಂಡರೆ ಎರಡೂ ಬೇಡ. ಈ ಪರೀಕ್ಷೆಗೆ ಮೊದಲು ಸಾಫ್ಟ್ ಲೆನ್ಸ್ ಒಂದೆರಡು ವಾರ, ಗಟ್ಟಿ ಲೆನ್ಸ್ ಮೂರು-ನಾಲ್ಕು ವಾರ ಬಿಡಿ. ಲೆನ್ಸ್ ಕಾರ್ನಿಯಾವನ್ನು ಒತ್ತಿರುತ್ತದೆ, ಅಳತೆಯೇ ತಪ್ಪುತ್ತದೆ. ಕಣ್ಣುಜ್ಜುವ ಅಭ್ಯಾಸವಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ. ಕಳೆದೊಂದು ವರ್ಷದಲ್ಲಿ ಪವರ್ ಅರ್ಧ ಡಯಾಪ್ಟರ್‌ಗಿಂತ ಹೆಚ್ಚು ಬದಲಾಗಿದ್ದರೆ ಕಾಯುವುದೇ ಸರಿ.