ಎರಡು ಆ್ಯಪ್ ಎರಡು ಲೆಕ್ಕ ಹೇಳ್ತಿವೆ, ದಿನಕ್ಕೆ ಎಷ್ಟು ಕ್ಯಾಲೊರಿ ತಿಂದರೆ ತೂಕ ಇಳಿಯುತ್ತೆ?

ನೀವು ಗಂಡಸು, ವಯಸ್ಸು 34, ತೂಕ 82 ಕೆಜಿ, ಎತ್ತರ 172 ಸೆಂ.ಮೀ. ಒಂದು ಆ್ಯಪ್ 1,576 ಅಂದಿದೆ, ಇನ್ನೊಂದು 1,879. ಈ 300ರ ಜಗಳ ನನಗೆ ಬಾಯಿಪಾಠ. ಸೂತ್ರ ಎರಡರದ್ದೂ ಒಂದೇ, ತೂಕ ಇಳಿಯಲಿ ಅಂತ ದಿನದ ಖರ್ಚಿನಲ್ಲಿ ಎರಡೂ 500 ಕಳೆದೇ ಹೇಳಿವೆ. ಒಂದರಲ್ಲಿ ‘ಕೂತು ಮಾಡೋ ಕೆಲಸ’ ಒತ್ತಿದ್ದೀರಿ, ಇನ್ನೊಂದರಲ್ಲಿ ‘ಸ್ವಲ್ಪ ಓಡಾಟ’.

ನಾನು ಅದಕ್ಕೂ ಒಂದು ಮೆಟ್ಟಿಲು ಮೇಲಿನದ್ದನ್ನೇ ಒತ್ತಿದ್ದೆ. ಆಗ ನನಗೆ 38, ತೂಕ 78, ಎತ್ತರ 160. ಸೂತ್ರ ಮಿಫ್ಲಿನ್-ಸೇಂಟ್ ಜಿಯೋರ್ ಅಂತ, 1990ರದ್ದು: ತೂಕದ ಹತ್ತು ಪಟ್ಟಿಗೆ ಎತ್ತರದ 6.25 ಪಟ್ಟು ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೀಬೇಕು. ಆಮೇಲೆ ಗಂಡಸರಿಗೆ 5 ಸೇರಿಸಬೇಕು, ಹೆಂಗಸರಿಗೆ 161 ಕಳೀಬೇಕು. ನನ್ನದು 1,429 ಬಂತು. ಸುಮ್ಮನೆ ಬಿದ್ದುಕೊಂಡಿದ್ದರೂ ದೇಹ ಮಾಡೋ ಖರ್ಚು ಅದು. ಇದನ್ನ ಓಡಾಟಕ್ಕೆ ತಕ್ಕಂತೆ 1.2, 1.375 ಅಥವಾ 1.55ರಿಂದ ಗುಣಿಸಬೇಕು. ಬೆಳಗ್ಗೆ ಎದ್ದು ವಾಕಿಂಗ್ ಹೋಗ್ತೀನಲ್ಲ ಅನ್ನೋ ಜಂಬದಲ್ಲಿ 1.55 ಆರಿಸಿದೆ. ವಾಕಿಂಗ್ ಮುಗಿದ ಮೇಲೆ ಸಂಜೆವರೆಗೂ ಕುರ್ಚಿ ಬಿಟ್ಟು ಏಳದವಳು ನಾನು! ಬಂದ ಉತ್ತರ 2,215. ಅದರಲ್ಲಿ 500 ಕಳೆದು, ನಿಷ್ಠೆಯಿಂದ 1,715 ತಿಂದೆ.

ಈಗ 1,429ನ್ನ 1.2ರಿಂದ ಗುಣಿಸಿ ನೋಡಿ. 1,715! ನಾನು ಕಳೆದಿದ್ದೀನಿ ಅಂದ್ಕೊಂಡ 500 ಪೂರ್ತಿ ಆ ಒಂದು ಬಟನ್ ನುಂಗಿತ್ತು. ತೂಕ ಇದ್ದಲ್ಲೇ ಇರೋಕೆ ಎಷ್ಟು ಬೇಕೋ ಅಷ್ಟನ್ನ, ಬಾಯಿ ಕಟ್ಟಿ, ಅಳೆದು ತಿಂತಿದ್ದೆ. ವಾಕಿಂಗಲ್ಲಿ ಹೋಗಿದ್ದನ್ನ ‘ಇವತ್ತು ನಡೆದಿದ್ದೀನಲ್ಲ’ ಅಂತ ಸಂಜೆ ಮಂಡಕ್ಕಿ-ಮೆಣಸಿನಕಾಯಿಯಲ್ಲಿ ವಾಪಸ್ ತುಂಬಿಸ್ತಿದ್ದೆ. ತಿಂಗಳುಗಟ್ಟಲೆ ತಕ್ಕಡಿ ಅಲುಗಲಿಲ್ಲ. ನನಗೆ ಥೈರಾಯ್ಡೇ ಇರಬೇಕು ಅಂತ ರಕ್ತ ಪರೀಕ್ಷೆನೂ ಆಯ್ತು, ಎಲ್ಲ ಸರಿಯಾಗೇ ಇತ್ತು.

ಹಾಗಾಗಿ ‘ಯಾವ ಆ್ಯಪ್ ಸರಿ’ ಅನ್ನೋ ಪ್ರಶ್ನೆನೇ ಬಿಡಿ ಅಂತೀನಿ. 1,600 ಅಂತ ಇಟ್ಕೊಂಡು ಮೂರು ವಾರ ಬರೆದಿಟ್ಟು ತಿನ್ನಿ. ದಿನಾ ಬೆಳಗ್ಗೆ ತೂಕ ನೋಡಿ, ಆದರೆ ಲೆಕ್ಕಕ್ಕೆ ತಗೊಳ್ಳೋದು ವಾರದ ಸರಾಸರಿ ಮಾತ್ರ. ರಾತ್ರಿ ಉಪ್ಪಿನಕಾಯಿ, ಬಜ್ಜಿ ಜಾಸ್ತಿ ಆದರೆ ಮಾರನೇ ದಿನ ಒಂದು ಕೆಜಿ ಏರಿರುತ್ತೆ, ಅದು ಬರೀ ನೀರು. ಮೊದಲ ವಾರ ದಡದಡ ಇಳಿಯೋದೂ ಬಹುಪಾಲು ನೀರೇ, ಅದನ್ನ ಲೆಕ್ಕದಿಂದ ಬಿಡಿ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ಆಮೇಲಿನ ವಾರಗಳಲ್ಲಿ 300 ಗ್ರಾಂನಂತೆ ಇಳಿದರೆ ದಿನಕ್ಕೆ 330 ಕಡಿಮೆ ಬೀಳ್ತಿದೆ ಅಂತ ಅರ್ಥ. ಅಂದರೆ ನಿಮ್ಮ ನಿಜವಾದ ಖರ್ಚು 1,930ರ ಆಸುಪಾಸು. ನೀವು ಬರೆಯೋದ್ರಲ್ಲಿ ಮಾಡೋ ತಪ್ಪೂ ಇದರೊಳಗೇ ಸೇರಿಹೋಗುತ್ತೆ. ಯಾವ ಆ್ಯಪ್‌ಗೆ ಇದು ಗೊತ್ತಿರುತ್ತೆ ಹೇಳಿ?

ಬರೆಯೋವಾಗ ಎಲ್ಲರೂ ಬಿಡೋದು ಎಣ್ಣೆ. ನಮ್ಮನೇಲಿ ನಾಲ್ಕು ಜನ, ಒಗ್ಗರಣೆಗೆ ಅತ್ತೆ ಕ್ಯಾನ್‌ನಿಂದ ನೇರ ಬಾಣಲೆಗೆ ಸುರೀತಾರೆ. ಚಮಚದಲ್ಲಿ ಅಳೀರಿ ಅಂತ ಅವರಿಗೆ ಹೇಳೋಕಾಗುತ್ತಾ! ಅದಕ್ಕೆ ತಿಂಗಳ ಎಣ್ಣೆನೇ ಲೆಕ್ಕ ಹಾಕಿದೆ: ನಾಲ್ಕು ಲೀಟರ್ ಅಂದರೆ ಹೆಚ್ಚುಕಡಿಮೆ 32,000 ಕ್ಯಾಲೊರಿ, ತಲೆಗೆ ದಿನಕ್ಕೆ 270. ಊಟದ ಲೆಕ್ಕ ಏನೇ ಇರಲಿ, ಪ್ರತಿ ದಿನದ ಪುಟದ ಮೇಲೆ ಮೊದಲು 270 ಬರೆದೇ ಶುರು ಮಾಡ್ತಿದ್ದೆ. ಅಕ್ಕಿ ಬೇಯಿಸೋ ಮುಂಚೆ ತೂಗಿ: 100 ಗ್ರಾಂ ಅಕ್ಕಿಗೆ 350 ಇದ್ದರೆ, ಅಷ್ಟೇ ತೂಕದ ಅನ್ನಕ್ಕೆ 130.

ಕೊನೆಗೆ ‘ನೇರ 1,200ಕ್ಕೇ ಇಳಿಸಲಾ’ ಅಂತ ಕೇಳಿದ್ದೀರಿ. ಬೇಡ. ಮಲಗಿದ್ದರೇ 1,730 ಕೇಳೋ ದೇಹ ನಿಮ್ಮದು. ಗುರುವಾರದವರೆಗೆ ತಡ್ಕೊಂಡು ಶುಕ್ರವಾರ ಬೆಣ್ಣೆದೋಸೆ ಮೇಲೆ ಬೀಳ್ತೀರಿ. ಐದು ಕೆಜಿ ಇಳಿದ ಮೇಲೆ ಸೂತ್ರದ ಪ್ರಕಾರ ಕಡಿಮೆ ಮಾಡಬೇಕಾಗಿರೋದು ಬರೀ 60, ಅರ್ಧ ಚಪಾತಿ.