ಒಂದೇ ಹೆಸರಿನ ಟ್ರಂಪೆಟ್: ಹಳೆಯದು ಮೇಲೋ, ಹೊಸದು ಮೇಲೋ?

ವಾದ್ಯ ವಿಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ದೊಡ್ಡಪ್ಪನವರು ಚರ್ಚಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದ ಬಾಕ್ ಸ್ಟ್ರಾಡಿವೇರಿಯಸ್ ಟ್ರಂಪೆಟ್ ಈಗ ನನ್ನ ಬಳಿ ಇದೆ. ಅದರ ಬೆಲ್ (ಹೂವಿನಂತೆ ಅರಳಿದ ತುದಿ) ಮೇಲೆ 37 ಎಂಬ ವಿನ್ಯಾಸದ ಸಂಖ್ಯೆಯನ್ನೂ ‘ಮೌಂಟ್ ವರ್ನನ್, ನ್ಯೂಯಾರ್ಕ್’ ಎಂಬ ಊರಿನ ಹೆಸರನ್ನೂ ಕೆತ್ತಲಾಗಿದೆ. ಬೆಂಗಳೂರಿನ ಪರಿಚಿತ ವಾದಕರೊಬ್ಬರು ತಮ್ಮಲ್ಲಿರುವ 1990ರ ದಶಕದ, ‘ಎಲ್ಕಾರ್ಟ್’ ಎಂದು ಕೆತ್ತಿರುವ, ಅದೇ 37ರ ಟ್ರಂಪೆಟ್ ಕೊಟ್ಟು, ಮೇಲೆ ಸ್ವಲ್ಪ ಹಣವನ್ನೂ ಕೊಡುವುದಾಗಿ ಹೇಳಿ ನನ್ನದನ್ನು ಕೇಳುತ್ತಿದ್ದಾರೆ. ನಾನು ಭಾನುವಾರಗಳಲ್ಲಿ ಚರ್ಚಿನಲ್ಲಿ, ಲಗ್ನದ ದಿನಗಳಲ್ಲಿ ಬ್ಯಾಂಡ್ ಸೆಟ್ಟಿನಲ್ಲಿ ನುಡಿಸುತ್ತೇನೆ. ಎರಡರಲ್ಲಿ ಯಾವುದು ಉತ್ತಮ? ಬದಲಾಯಿಸಿಕೊಳ್ಳಬಹುದೇ?
(ಓದುಗರು, ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.)

ಉತ್ತರ: ತಾವು ಒಂದೇ ಎಂದು ಭಾವಿಸಿ ಕೇಳಿರುವುದು ವಾಸ್ತವವಾಗಿ ಎರಡು ಪ್ರಶ್ನೆ. ಯಾವುದಕ್ಕೆ ಬೆಲೆ ಹೆಚ್ಚು ಎಂದರೆ, ಸ್ಥಿತಿ ಸರಿಸುಮಾರು ಒಂದೇ ಆಗಿದ್ದಲ್ಲಿ, ಮೌಂಟ್ ವರ್ನನ್‌ನದ್ದಕ್ಕೇ ಹೆಚ್ಚು. ಯಾವುದು ತಮಗೆ ಚೆನ್ನಾಗಿ ನುಡಿಯುತ್ತದೆ ಎಂಬುದನ್ನು ಮಾತ್ರ ಬೆಲ್ ಮೇಲಿನ ಊರಿನ ಹೆಸರು ನೋಡಿ ಹೇಳಲಾಗದು. ಹೊಸ ವಾದ್ಯವನ್ನು ಕೊಡುವವರೇ ಮೇಲೆ ಹಣವನ್ನೂ ಸೇರಿಸುತ್ತಿದ್ದಾರೆ ಎಂಬುದರಿಂದಲೇ ಮೊದಲ ಪ್ರಶ್ನೆಯ ಉತ್ತರ ಅವರಿಗೆ ಚೆನ್ನಾಗಿ ತಿಳಿದಿದೆ ಎಂದು ಊಹಿಸಬಹುದು. ಆದ್ದರಿಂದ ಆತುರಪಡುವ ಅಗತ್ಯವಿಲ್ಲ.

ಊರಿನ ಹೆಸರುಗಳ ಹಿಂದಿನ ಸಂಗತಿ ಹೀಗಿದೆ. ಈ ವಾದ್ಯದ ಮೂಲಪುರುಷ ವಿನ್ಸೆಂಟ್ ಬಾಕ್ 1890ರಲ್ಲಿ ವಿಯೆನ್ನಾ ಸಮೀಪದ ಬಾಡೆನ್‌ನಲ್ಲಿ ಹುಟ್ಟಿದವರು. ಓದಿದ್ದು ಯಂತ್ರಶಾಸ್ತ್ರ, ಒಲಿದದ್ದು ಟ್ರಂಪೆಟ್. 1914ರಲ್ಲಿ ಅಮೆರಿಕಕ್ಕೆ ಹೋಗಿ ಬಾಸ್ಟನ್ ಸಿಂಫನಿ ವಾದ್ಯವೃಂದದಲ್ಲಿ ನುಡಿಸಿದರು. 1918ರಲ್ಲಿ ನ್ಯೂಯಾರ್ಕಿನ ಸೆಲ್ಮರ್ ವಾದ್ಯದ ಅಂಗಡಿಯ ಹಿಂಭಾಗದಲ್ಲಿ ಒಂದು ಲೇತ್ ಇಟ್ಟುಕೊಂಡು ಮೌತ್‌ಪೀಸ್ (ತುಟಿಗಿಟ್ಟು ಊದುವ ಬಿಡಿಭಾಗ) ಕಡೆಯಲಾರಂಭಿಸಿದರು. ಮೊದಲ ಟ್ರಂಪೆಟ್ ತಯಾರಾದದ್ದು 1924ರಲ್ಲಿ. 1928ರಲ್ಲಿ ಕಾರ್ಖಾನೆ ಬ್ರಾಂಕ್ಸ್‌ಗೆ, 1953ರಲ್ಲಿ ಅಲ್ಲಿಂದ ಮೌಂಟ್ ವರ್ನನ್‌ಗೆ ಸ್ಥಳಾಂತರಗೊಂಡಿತು. 1961ರಲ್ಲಿ ಬಾಕ್ ತಮ್ಮ ಸಂಸ್ಥೆಯನ್ನು ಅದೇ ಸೆಲ್ಮರ್‌ಗೆ ಮಾರಿದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅಚ್ಚು, ಸಲಕರಣೆಗಳೆಲ್ಲ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಪಟ್ಟಣವನ್ನು ಸೇರಿದವು. ಸ್ಟ್ರಾಡಿವೇರಿಯಸ್ ಟ್ರಂಪೆಟ್‌ಗಳು ಅಂದಿನಿಂದ ಅಲ್ಲಿಯೇ ತಯಾರಾಗುತ್ತಿವೆ. ಹೀಗಾಗಿ ತಮ್ಮ ವಾದ್ಯ 1953ರಿಂದ 1960ರ ದಶಕದ ಮಧ್ಯಭಾಗದವರೆಗಿನದು, ಎಂದರೆ ವಿನ್ಸೆಂಟ್ ಬಾಕ್ ಅವರು ಕಟ್ಟಿದ ನ್ಯೂಯಾರ್ಕ್ ಕಾರ್ಖಾನೆಯ ಕೊನೆಯ ಅವಧಿಗೆ ಸೇರಿದ್ದು. ನಡುವಿನ ವಾಲ್ವ್‌ನ (ಬೆರಳಿನಿಂದ ಒತ್ತುವ ಭಾಗದ) ಕೇಸಿಂಗ್, ಎಂದರೆ ಹೊರಕವಚದ ಮೇಲಿರುವ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಆ ಕಾಲದಲ್ಲಿ ಪ್ರತಿ ವಾದ್ಯದ ವಿವರವನ್ನೂ ಕಾರ್ಖಾನೆಯಲ್ಲಿ ಒಂದೊಂದು ಕಾರ್ಡಿನಲ್ಲಿ ಬರೆದಿಡುತ್ತಿದ್ದರು. ಅವುಗಳಲ್ಲಿ ಅನೇಕವು ಉಳಿದುಬಂದಿರುವುದರಿಂದ, ವಾದ್ಯ ಹೊರಬಂದಾಗ ಅದಕ್ಕೆ ಯಾವ ಬೆಲ್, ಯಾವ ಮೌತ್‌ಪೈಪ್ (ಮೌತ್‌ಪೀಸ್ ಸಿಕ್ಕಿಸುವ ಕೊಳವೆ) ಇತ್ತು ಎಂಬುದು ಸಂಖ್ಯೆಯ ಮೂಲಕ ತಿಳಿದುಬರುವ ಸಾಧ್ಯತೆ ಇದೆ.

ಇನ್ನು ವ್ಯತ್ಯಾಸಗಳ ವಿಚಾರ. ಮೇಲ್ನೋಟಕ್ಕೆ ಎರಡೂ ಒಂದೇ: ಎರಡರಲ್ಲೂ 37ರ ವಿನ್ಯಾಸದ, ಒಂದೇ ಹಿತ್ತಾಳೆ ತಗಡನ್ನು ಮಡಿಸಿ, ಸೇರುವೆಯನ್ನು ಬೆಸೆದು, ಅಚ್ಚಿನ ಮೇಲೆ ಬಡಿದು ರೂಪಿಸಿದ ಬೆಲ್ ಇರುತ್ತದೆ. ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಮೀಡಿಯಂ ಲಾರ್ಜ್ ಮಾದರಿಯಲ್ಲಿ ಕೊಳವೆಯ ಒಳವ್ಯಾಸ 11.66 ಮಿಲಿಮೀಟರ್. ಭೇದ ಇರುವುದು ಕಣ್ಣಿಗೆ ಬೇಗ ಬೀಳದ ಭಾಗಗಳಲ್ಲಿ. ಹಳೆಯ ವಾದ್ಯಗಳ ವಾಲ್ವ್ ಕೇಸಿಂಗ್‌ಗಳು ಎರಡು ಲೋಹಭಾಗಗಳನ್ನು ಕೂಡಿಸಿ ಮಾಡಿದವು. ಎಲ್ಕಾರ್ಟ್‌ನಲ್ಲಿ ಮುಂದೆ ಒಂದೇ ತುಂಡಿನ ಕೇಸಿಂಗ್ ರೂಢಿಗೆ ಬಂದಿತು. ಬೆಲ್‌ನ ಅಂಚನ್ನು ಮಡಿಸುವಾಗ ಒಳಗೆ ಸೇರಿಸುವ ತಂತಿಯ ಲೋಹ ಮತ್ತು ಆಕಾರವೂ ಕಾಲಾಂತರದಲ್ಲಿ ಬದಲಾದವು. ಗಮನಾರ್ಹ ಸಂಗತಿಯೆಂದರೆ, ಎಲ್ಕಾರ್ಟ್‌ನಲ್ಲಿ 50 ವರ್ಷ ತುಂಬಿದ ಸಂದರ್ಭದಲ್ಲಿ ಸಂಸ್ಥೆ ಹೊರತಂದ 190 ಮಾದರಿಯಲ್ಲಿ ಎರಡು ಭಾಗಗಳ ಕೇಸಿಂಗ್ ಮತ್ತು ಅಂಚಿನೊಳಗಿನ ಉಕ್ಕಿನ ತಂತಿ ಮರಳಿ ಬಂದವು. ಹಳೆಯ ಕ್ರಮಕ್ಕೆ ಬೇಡಿಕೆ ಇದೆ ಎಂಬುದನ್ನು ತಯಾರಕರೇ ಒಪ್ಪಿಕೊಂಡಂತಾಯಿತು. ಬೇಡಿಕೆ ಇರುವುದರಿಂದಲೇ ನಾದ ಮೇಲೆಂದು ಸಿದ್ಧವಾಗುವುದಿಲ್ಲ ಎಂಬುದು ಬೇರೆ ಮಾತು.

ಮೌತ್‌ಪೈಪ್ ಬಗ್ಗೆ ವಿಶೇಷವಾಗಿ ಹೇಳಬೇಕು. ಮೌತ್‌ಪೀಸ್‌ನಿಂದ ಶ್ರುತಿ ಸ್ಲೈಡ್ (ಎಳೆದು ಶ್ರುತಿ ಹೊಂದಿಸುವ ಕೊಳವೆ) ವರೆಗಿನ ಈ ಕೊಳವೆ ಒಳಗಡೆ ಕ್ರಮೇಣ ಅಗಲವಾಗುತ್ತ ಹೋಗುತ್ತದೆ. ಆ ಏರಿಕೆಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಏರುಪೇರಾದರೂ ವಾದ್ಯದ ಶ್ರುತಿಯೂ ಊದುವಾಗ ಸಿಗುವ ಪ್ರತಿರೋಧವೂ ಬದಲಾಗಬಲ್ಲವು. ಎಲ್ಕಾರ್ಟ್‌ನ 37ಕ್ಕೆ 25 ಎಂಬ ಸಂಖ್ಯೆಯ ಮೌತ್‌ಪೈಪ್ ಜೊತೆಯಾಗಿ ನಿಂತುಹೋಗಿದೆ. ಮೌಂಟ್ ವರ್ನನ್ ಕಾಲದಲ್ಲಾದರೋ ಕೊಳ್ಳುವವರ ಅಪೇಕ್ಷೆಗೆ ತಕ್ಕಂತೆ ಬೇರೆ ಬೇರೆ ಮೌತ್‌ಪೈಪ್‌ಗಳನ್ನು ಜೋಡಿಸುತ್ತಿದ್ದರು. ಆದಕಾರಣ, ಎರಡೂ ವಾದ್ಯಗಳನ್ನು ಊದಿ ನೋಡಿದವರು ‘ಕಾಲದ ವ್ಯತ್ಯಾಸ’ ಎಂದು ಹೇಳುವುದರಲ್ಲಿ ಬಹುಪಾಲು ಮೌತ್‌ಪೈಪ್‌ನ ವ್ಯತ್ಯಾಸವೇ ಆಗಿರಬಹುದು.

ಹಳೆಯ ಹಿತ್ತಾಳೆ ಮಾಗಿ ನಾದ ಇಂಪಾಗುತ್ತದೆ ಎಂಬ ನಂಬಿಕೆ ನಮ್ಮ ಬ್ಯಾಂಡಿನವರಲ್ಲೂ ಬಲವಾಗಿದೆ. ಇದನ್ನು ಒಪ್ಪಲು ನಾನು ಸಿದ್ಧನಿಲ್ಲ. ಟ್ರಂಪೆಟ್ಟಿನಲ್ಲಿ ನುಡಿಯುವುದು ಮುಖ್ಯವಾಗಿ ಒಳಗಿನ ಗಾಳಿಯ ಕಂಬ. ಅದರ ಸ್ವಭಾವವನ್ನು ನಿರ್ಧರಿಸುವುದು ಕೊಳವೆಯ ಒಳ ಆಕಾರ. ವಾದ್ಯ ವಿನ್ಯಾಸಕಾರ ರಿಚರ್ಡ್ ಸ್ಮಿತ್ ಅವರು 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಬೇರೆ ಬೇರೆ ದಪ್ಪದ ಬೆಲ್‌ಗಳಿದ್ದ ಟ್ರೊಂಬೋನ್‌ಗಳನ್ನು ನುರಿತ ವಾದಕರಿಗೆ ಕಣ್ಣುಕಟ್ಟಿ ಕೊಟ್ಟಾಗ, ಯಾವುದು ಯಾವುದೆಂದು ಗುರುತಿಸಲು ಅವರಿಂದಾಗಲಿಲ್ಲ. ಲೋಹಕ್ಕೂ ದಪ್ಪಕ್ಕೂ ಪ್ರಭಾವವೇ ಇಲ್ಲವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಕಣ್ಣು ಕಂಡದ್ದನ್ನು ಕಿವಿ ಕೇಳಿತೆಂದು ನಾವು ಎಷ್ಟು ಸುಲಭವಾಗಿ ನಂಬುತ್ತೇವೆ ಎಂಬುದಂತೂ ಇದರಿಂದ ಸ್ಪಷ್ಟವಾಗುತ್ತದೆ.

ಎಲ್ಕಾರ್ಟ್‌ನ ವಾದ್ಯಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದೂ ಸರಿಯಲ್ಲ. ಸ್ಥಳಾಂತರದ ನಂತರದ ಮೊದಲ ಕೆಲವು ವರ್ಷಗಳ ವಾದ್ಯಗಳನ್ನು ಮೌಂಟ್ ವರ್ನನ್‌ನವುಗಳಿಗೆ ಸಮೀಪವೆಂದು ಗಣಿಸಿ ಜನ ಹುಡುಕಿ ಕೊಳ್ಳುತ್ತಾರೆ. 2006ರ ಏಪ್ರಿಲ್‌ನಲ್ಲಿ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದಾಗ ಆಡಳಿತವರ್ಗ ಹೊಸಬರನ್ನು ನೇಮಿಸಿಕೊಂಡು ಕೆಲಸ ಮುಂದುವರಿಸಿತು; ವಿವಾದ 2009ರವರೆಗೂ ಎಳೆಯಿತು. ಆ ವರ್ಷಗಳ ವಾದ್ಯಗಳ ಬಗ್ಗೆ ವಾದಕರಲ್ಲಿ ಇಂದಿಗೂ ವಾದವಿವಾದ ನಡೆಯುತ್ತದೆ. ತಮಗೆ ಬಂದಿರುವುದು 1990ರ ದಶಕದ್ದಾದ ಕಾರಣ ಆ ಚರ್ಚೆ ಅದಕ್ಕೆ ಅನ್ವಯಿಸುವುದಿಲ್ಲ.

ಹೋಲಿಕೆ ನ್ಯಾಯವಾಗಿರಬೇಕಾದರೆ ಮೊದಲು ವಾಲ್ವ್‌ಗಳನ್ನು ಪರೀಕ್ಷಿಸಿರಿ. ವಾಲ್ವ್ ಒತ್ತದೆ ಅದರ ಸ್ಲೈಡನ್ನು ಸ್ವಲ್ಪ ಹೊರಗೆಳೆದು, ಕೆಲವು ಕ್ಷಣ ತಡೆದು, ಬಳಿಕ ವಾಲ್ವ್ ಒತ್ತಿದಾಗ ‘ಟಪ್’ ಎಂಬ ಗಟ್ಟಿ ಸದ್ದು ಬಂದರೆ ಗಾಳಿ ಸೋರುತ್ತಿಲ್ಲವೆಂದು ತಿಳಿಯಬಹುದು. ಸದ್ದು ಕ್ಷೀಣವಾಗಿದ್ದರೆ ಪಿಸ್ಟನ್ (ಕೇಸಿಂಗ್ ಒಳಗೆ ಮೇಲೆ ಕೆಳಗೆ ಚಲಿಸುವ ಭಾಗ) ಸವೆದಿರಬಹುದು. ದಶಕಗಳ ಕಾಲ ಮೆರವಣಿಗೆಗಳ ಧೂಳಿನಲ್ಲಿ ನುಡಿದ ವಾದ್ಯದಲ್ಲಿ ಇದು ಅಪರೂಪವೇನಲ್ಲ. ಸೋರುವ ಮೌಂಟ್ ವರ್ನನ್‌ಗಿಂತ ಬಿಗಿಯಾದ ಎಲ್ಕಾರ್ಟ್ ಖಂಡಿತವಾಗಿಯೂ ಚೆನ್ನಾಗಿ ನುಡಿಯುತ್ತದೆ. ಎರಡಕ್ಕೂ ತಾವು ನಿತ್ಯ ಬಳಸುವ ಮೌತ್‌ಪೀಸನ್ನೇ ಹಾಕಿರಿ. ಆದರೆ ಅದು ಎರಡರಲ್ಲೂ ಒಂದೇ ಆಳಕ್ಕೆ ಇಳಿಯುತ್ತದೆಯೇ ಎಂದು ಗುರುತು ಹಾಕಿ ನೋಡಿರಿ, ಏಕೆಂದರೆ ಹಳೆಯ ವಾದ್ಯದಲ್ಲಿ ಮೌತ್‌ಪೀಸ್ ಕೂರುವ ಬಾಯಿ ಸವೆದು ಮೌತ್‌ಪೀಸ್ ಹೆಚ್ಚು ಒಳಕ್ಕೆ ಹೋದಲ್ಲಿ ಅದರ ತುದಿಗೂ ಮೌತ್‌ಪೈಪ್‌ಗೂ ನಡುವಿನ ಅಂತರ ಕುಗ್ಗಿ, ಸ್ವರ ಹೊರಡುವ ರೀತಿಯೇ ಬದಲಾಗುತ್ತದೆ. ಕೊನೆಯಲ್ಲಿ, ನುಡಿಸುವ ತಾವು ಬೆಲ್‌ನ ಹಿಂದೆ ಇರುತ್ತೀರಿ, ಕೇಳುವವರು ಮುಂದೆ ಇರುತ್ತಾರೆ. ಆದ್ದರಿಂದ ತಮ್ಮ ಚರ್ಚಿನಲ್ಲಿಯೇ, ಕಿವಿ ಚೆನ್ನಾಗಿರುವ ಇಬ್ಬರನ್ನು ಕೊನೆಯ ಸಾಲಿನಲ್ಲಿ ಬೆನ್ನು ತಿರುಗಿಸಿ ಕೂರಿಸಿ, ಯಾವ ವಾದ್ಯವೆಂದು ತಿಳಿಸದೆ ಒಂದೇ ಕೀರ್ತನೆಯನ್ನು ಎರಡರಲ್ಲೂ ನುಡಿಸಿ ಅಭಿಪ್ರಾಯ ಕೇಳಿರಿ.

ನನ್ನ ಸಲಹೆ: ತಮ್ಮ ವಾದ್ಯದ ವಾಲ್ವ್‌ಗಳು ಬಿಗಿಯಾಗಿದ್ದರೆ ಅದನ್ನು ಬಿಡಬೇಡಿರಿ. ಸವೆದಿದ್ದರೂ ಪಿಸ್ಟನ್‌ಗಳಿಗೆ ಮರುಲೇಪನ ಮಾಡಿಸಿ ಕೇಸಿಂಗ್‌ಗೆ ಹೊಂದಿಸುವ ಕೆಲಸ ಬಲ್ಲವರಿಂದ ಖರ್ಚಿನ ಅಂದಾಜು ಪಡೆದ ಮೇಲೆಯೇ ಬದಲಾವಣೆಯ ಮಾತು ಆಡಿರಿ. ಮದುವೆಯ ಬ್ಯಾಂಡಿಗೆ ಮಾತ್ರ, ಬಿಸಿಲು, ಮಳೆ, ನೂಕುನುಗ್ಗಲಿನ ನಡುವೆ ಆ ಹಳೆಯ ವಾದ್ಯವನ್ನು ಒಯ್ಯದಿರುವುದು ಒಳಿತು. ಅಲ್ಲಿಗೆ ಮೀರತ್‌ನಲ್ಲಿ ತಯಾರಾದ ಸಾಧಾರಣ ಟ್ರಂಪೆಟ್ ಸಾಕಾಗುತ್ತದೆ.

ಪ್ರಶ್ನೆ: ತುಮಕೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸುತ್ತೇನೆ. ‘ಬಾಕ್’ ಎಂದು ಬರೆದಿರುವ ಟಿಆರ್ 300 ಎಂಬ ಟ್ರಂಪೆಟ್ ಕಡಿಮೆ ಬೆಲೆಗೆ ಬಂದಿದೆ. ಸ್ಟ್ರಾಡಿವೇರಿಯಸ್‌ನ ಹಳೆಯ ಆವೃತ್ತಿ ಇದು ಎನ್ನುತ್ತಾರೆ. ನಿಜವೇ?
(ಓದುಗರು, ತುಮಕೂರು)

ಉತ್ತರ: ನಿಜವಲ್ಲ. ಟಿಆರ್ 300 ಕಲಿಯುವವರಿಗಾಗಿ ರೂಪಿಸಿದ ಪ್ರತ್ಯೇಕ ಮಾದರಿ. ಹೆಸರೊಂದೇ, ದರ್ಜೆ ಬೇರೆ. ಒಬ್ಬರೇ ತಯಾರಕರ ವಾದ್ಯಗಳನ್ನು ಹೋಲಿಸುವಾಗ ಕಾಲಕ್ಕಿಂತ ಮೊದಲು ದರ್ಜೆಯನ್ನು ನೋಡಬೇಕು. ವಿನ್ಸೆಂಟ್ ಬಾಕ್ ಅವರ ಸ್ವಂತ ಕಾರ್ಖಾನೆಯಿಂದಲೂ ಸ್ಟ್ರಾಡಿವೇರಿಯಸ್ ಅಲ್ಲದೆ ಅಪೊಲೊ, ಮರ್ಕ್ಯುರಿ, ಮಿನರ್ವಾ, ಮರ್ಸಿಡಿಸ್ ಎಂಬ ಅಗ್ಗದ ಮಾದರಿಗಳು ಹೊರಬಂದಿದ್ದವು; ಅವುಗಳ ಮೇಲೆ ಮೌಂಟ್ ವರ್ನನ್ ಎಂದಿದ್ದ ಮಾತ್ರಕ್ಕೆ ಸ್ಟ್ರಾಡಿವೇರಿಯಸ್‌ನ ಬೆಲೆ ತೆರಬೇಕಾಗಿಲ್ಲ. ಮಕ್ಕಳ ಕೈಗೆ ಟಿಆರ್ 300 ತಕ್ಕ ವಾದ್ಯವೇ. ವಾಲ್ವ್‌ಗಳು ಸರಾಗವಾಗಿ ಆಡುತ್ತಿದ್ದು ಸ್ಲೈಡ್‌ಗಳು ಕಚ್ಚಿಕೊಂಡಿರದಿದ್ದರೆ, ಕಲಿಯುವವರ ವಾದ್ಯಕ್ಕೆ ತಕ್ಕ ಬೆಲೆ ಹೇಳಿ ಕೊಳ್ಳಿರಿ.

ಪ್ರಶ್ನೆ: ಹಳೆಯ ಎಲ್ಕಾರ್ಟ್ ಟ್ರಂಪೆಟ್ಟಿನ ಮೌತ್‌ಪೈಪ್ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳು ಎದ್ದಿವೆ. ಚೆನ್ನಾಗಿ ಉಜ್ಜಿಸಿ ಪಾಲಿಶ್ ಹಾಕಿಸಿದರೆ ಹೋಗುತ್ತವೆಯೇ?
(ಓದುಗರು, ಶಿಡ್ಲಘಟ್ಟ)

ಉತ್ತರ: ಹೋಗುವುದಿಲ್ಲ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಊದುವಾಗ ಒಳಗೆ ನಿಲ್ಲುವ ತೇವ ಮತ್ತು ಎಂಜಲಿನಿಂದ ಸತು ಕರಗಿಹೋಗಿ ತಾಮ್ರ ಮಾತ್ರ ಉಳಿದಾಗ ಆ ಬಣ್ಣ ಕಾಣಿಸುತ್ತದೆ. ಕೊರೆತ ಒಳಗಿನಿಂದ ಹೊರಕ್ಕೆ ಬಂದಿರುವುದರಿಂದ ಹೊರಗೆ ಉಜ್ಜಿದಷ್ಟೂ ಉಳಿದಿರುವ ತೆಳು ಲೋಹವೇ ಸವೆಯುತ್ತದೆ. ಪಾಲಿಶ್‌ನ ಭರದಲ್ಲಿ ಬೆಲ್ ಮೇಲಿನ ಕೆತ್ತನೆ ಮಾಸಿದರೆ ಯಾವ ಕಾಲದ ವಾದ್ಯವೆಂಬ ಗುರುತೂ ಅಳಿಯುತ್ತದೆ. ಪ್ರತಿ ಬಾರಿ ನುಡಿಸಿದ ಬಳಿಕ ನೀರು ಬಸಿದು, ಆಗಾಗ ಮೌತ್‌ಪೈಪ್ ಒಳಗೆ ಬ್ರಷ್ ಆಡಿಸಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಹಾನಿ ನಿಧಾನವಾಗುತ್ತದೆ. ತೂತು ಬಿದ್ದ ಮೇಲೆ ಮೌತ್‌ಪೈಪನ್ನೇ ಬದಲಾಯಿಸಬೇಕು. ಆಗ 25ರದ್ದನ್ನೇ ಕೇಳಿ ಹಾಕಿಸಿರಿ, ಮತ್ತು ಬಿಚ್ಚಿದ ಹಳೆಯ ಕೊಳವೆಯನ್ನು ರಿಪೇರಿಯವರ ಬಳಿ ಬಿಡದೆ ವಾದ್ಯದ ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳಿರಿ. ಮುಂದೆ ಮಾರುವಾಗ ಕೊಳ್ಳುವವರು ಅದನ್ನು ಕೇಳುತ್ತಾರೆ.