ಸಿನಿಮಾದಾಗ ತೋರಿಸಿದಂಗ ಕೀಲಿ ಕಸಗೊಂಡು ಹೋಗೋಹಂಗಿಲ್ರಿ

ಕಂತು ಕಟ್ಟದ ಕಾರು ಹುಡುಕ್ಕೋತ ಹೋಗೋ ಇಬ್ಬರ ಕಾಮಿಡಿ ಸಿನಿಮಾ ನೋಡಿ ನಕ್ಕೀರಿ, ಮನಿಗೆ ಬಂದು ಅಂಜೀರಿ. ಎರಡು ಕಂತು ಬಾಕಿ ಅದ, ಬೀದರಿಗೆ ಹೋಗೋವಾಗ ಹುಮನಾಬಾದ್ ಹತ್ರ ಅಡ್ಡಗಟ್ಟಿ ಒಯ್ತಾರೇನು ಅಂತ ನಿಮ್ಮ ಪ್ರಶ್ನೆ.

ಅಣ್ಣಾ, ಮೊದಲು ಸಾಲದ ಅಗ್ರಿಮೆಂಟ್ ತೆಗೀರಿ. ಗಾಡಿ ಜಪ್ತಿಗೆ ಎಷ್ಟು ದಿನದ ನೋಟಿಸು, ನೋಟಿಸಿಲ್ದೇ ಯಾವಾಗ ಒಯ್ಬಹುದು, ಹರಾಜಿಗೆ ಮೊದಲು ರೊಕ್ಕ ಕಟ್ಟಲಿಕ್ಕೆ ಕೊನೇ ಅವಕಾಶ ಹೆಂಗ ಅನ್ನೋದು ಅದರಾಗ ಇರಲೇಬೇಕು. ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ ಅದು. ವಸೂಲಿಯವರು ಮುಂಜಾನೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡೋಹಂಗಿಲ್ಲ. ಗೂಂಡಾಗಳನ್ನ ಬಿಟ್ಟು ಗಾಡಿ ಕಸಗೊಳ್ಳೋದು ತಪ್ಪು ಅಂತ ಸುಪ್ರೀಂ ಕೋರ್ಟು 2007ರಾಗೇ ಹೇಳೇದ.

ಯಾರರ ಅಡ್ಡಗಟ್ಟಿದ್ರ ಗುರುತಿನ ಚೀಟಿ, ಕಂಪನಿಯ ಅಧಿಕಾರಪತ್ರ ಕೇಳ್ರಿ. ಖಾಲಿ ಹಾಳಿ ಮ್ಯಾಲ ಸಹಿ ಬ್ಯಾಡ. ಕೈ ಮಾಡಿದ್ರ 112.

ನಮ್ಮ ಕಾಕಾನ ಗಾಡಿ ಕಮಲಾಪುರದಾಗ ಒಯ್ದಾಗ ಹೊಲದ ಕಾಗದ ಒಳಗೇ ಉಳಿದಿದ್ವು. ಭಾಳ ಸಂಕಟ ಆತು. ಅಂಥವು ಇವತ್ತೇ ಕಾರಿಂದ ತೆಗೆದಿಡ್ರಿ.

ಮತ್ತ ಕಾರು ಮುಚ್ಚಿಡಬ್ಯಾಡ್ರಿ. ಕಲಬುರಗಿ ಶಾಖೆಗೆ ನೀವಾಗೇ ಹೋಗಿ, ಯಾವಾಗ ಎಷ್ಟು ಕಟ್ತೀರಿ ಅಂತ ಬರೆದುಕೊಟ್ಟು ಸ್ವೀಕೃತಿ ತಗೊಳ್ರಿ.